ಎಡಕ್ಕ ಓಡು ಅಂದ ಕ್ಯಾಪ್ಟನ್

ಹೋದ ತಿಂಗಳು ನಮ್ಮ ಕಾಲೇಜಿನವರು ಫೋನ್ ಮಾಡಿದ್ದರು. ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡ ಹುಟ್ಟಿದ ಚರಿತ್ರೆಯನ್ನು ವಾರ್ಷಿಕ ಸಂಚಿಕೆಗೆ ಬರೆದುಕೊಡಬೇಕಂತೆ. ಗೆದ್ದ ಕಪ್ಪುಗಳು, ಬಂದ ಮುಖ್ಯ ಅತಿಥಿಗಳು, ಫೋಟೋ ಇದ್ದರೆ ಫೋಟೋ ಎಂದರು. ಮುಖ್ಯ ಅತಿಥಿಗಳು ಯಾರ್ಯಾರೋ ನನಗೆ ನೆನಪಿಲ್ಲ. ಅವರು ಭಾಷಣ ಮಾಡುವಾಗ ನಾವು ಬಿಸಿಲಲ್ಲಿ ನಿಂತು ಒಳಗೊಳಗೇ ಬೈದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಅವರಿಗೆ ಬೇಕಾದ್ದನ್ನು ಬೇರೆ ಯಾರಾದರೂ ಬರೆಯಲಿ. ನನಗೆ ಗೊತ್ತಿರುವ ಚರಿತ್ರೆಯಲ್ಲಿ ಒಂದು ಕಸಬರಿಗೆ ಇದೆ, ನನ್ನ ಅಜ್ಜಿ ಇದ್ದಾಳೆ, ದೇವನಕೊಂಡದ ಒಬ್ಬ ಹುಡುಗಿ ಇದ್ದಾಳೆ.

ಮೊದಲು ಕಸಬರಿಗೆ. ಆಂಧ್ರದ ಗಡಿಯೂರಾದ ಆದೋನಿಯಲ್ಲಿ ನಮ್ಮ ಕಾಲೇಜಿನ ಕೋರ್ಟಿನ ಗೋಡೆಗೆ ಹೊಂದಿಕೊಂಡೇ ಒಂದು ಜಿನ್ನಿಂಗ್ ಮಿಲ್ಲು. ಸೀಜನ್ನಿನಲ್ಲಿ ಹತ್ತಿಯ ಎಳೆ ಗಾಳಿಗೆ ಹಾರಿ ಬಂದು ಸಿಮೆಂಟಿನ ಮೇಲೆ ಕೂರುತ್ತಿತ್ತು. ಅದರ ಮೇಲೆ ಓಡಿದರೆ ಜಾರಿ ಬೀಳುವುದು ಗ್ಯಾರಂಟಿ. ಹಾಗಾಗಿ ನಮ್ಮ ಪ್ರಾಕ್ಟೀಸು ಶುರುವಾಗುತ್ತಿದ್ದುದು ಚೆಂಡಿನಿಂದಲ್ಲ, ಕಸಬರಿಗೆಯಿಂದ. ನಾನು ಹತ್ತಿ ವ್ಯಾಪಾರಿಯ ಮಗಳು, ಮನೆಯಲ್ಲಿ ಒಂದು ಲೋಟ ಎತ್ತಿಟ್ಟವಳಲ್ಲ. ಮೊದಲ ದಿನ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ದೇವನಕೊಂಡದ ಹುಡುಗಿ ಕಸಬರಿಗೆಯನ್ನು ನನ್ನ ಕೈಗೆ ತುರುಕಿ, "ನಿಮ್ಮಪ್ಪನ ಹತ್ತೀನ ಬಿದ್ದೈತಿ, ನೀನ ಗುಡಿಸವ್ವ" ಎಂದಳು. ಅಲ್ಲಿಂದ ನಮ್ಮ ಗೆಳೆತನ.

ಅವಳೇ ನಮ್ಮ ಕ್ಯಾಪ್ಟನ್. ಎತ್ತರವೇನೂ ಇಲ್ಲ, ನನ್ನ ಕಿವಿಯವರೆಗೆ ಬರುತ್ತಿದ್ದಳು. ಆದರೆ ಚೆಂಡು ಅವಳ ಕೈಗೆ ಬಂದರೆ ಕಿತ್ತುಕೊಂಡವರನ್ನು ನಾನು ನೋಡಿಲ್ಲ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ನನ್ನ ಬಾಯಿಗೆ ಬೀಗವಿಲ್ಲದ್ದರಿಂದ ಇಬ್ಬರಿಗೂ ಸರಿಹೋಗುತ್ತಿತ್ತು.

ನಮಗೆ ಆಟ ಕಲಿಸಿದ ಮೇಡಂ ಕರಾವಳಿ ಆಂಧ್ರದವರು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ನಮ್ಮೆಲ್ಲರ ಮನೆಮಾತು ಕನ್ನಡ, ಕೋರ್ಟಿನಲ್ಲೂ ಕನ್ನಡದಲ್ಲೇ ಕೂಗಿಕೊಳ್ಳುತ್ತಿದ್ದೆವು: ಎಡಕ್ಕ ಓಡು, ಹಿಂದ ಕೊಡು, ಒಳಗ ನುಗ್ಗು. ಎದುರು ಆಡುವ ಕರ್ನೂಲು, ನಂದ್ಯಾಲದ ಹುಡುಗಿಯರು ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಅದನ್ನು ಕಂಡ ಮೇಡಂ, "ನಾಕೇ ಅರ್ಥಂ ಕಾದು, ವಾಳ್ಳಕೇಂ ಅವುತುಂದಿ!" ಎಂದು ನಕ್ಕು, ನನಗೇ ತಿಳಿಯದ್ದು ಅವರಿಗೇನು ತಿಳಿದೀತು ಎಂದು ಹಾಗೇ ಬಿಟ್ಟರು. ಕನ್ನಡ ನಮ್ಮ ತಂಡದ ಆರನೆಯ ಆಟಗಾರ್ತಿಯಾಯಿತು. ಅಂತರ ಕಾಲೇಜು ಪಂದ್ಯಾವಳಿಯನ್ನು ಎರಡು ವರ್ಷ ಬಿಡದೆ ಗೆದ್ದೆವು.

ಆಗ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳ ತಂಡವೇ ಇರಲಿಲ್ಲ. ನಾವು ಗೆದ್ದ ಮೇಲೆ ದಕ್ಷಿಣ ವಲಯದ ಪಂದ್ಯಕ್ಕೆ ಒಂದು ತಂಡ ಕಳಿಸಿ ನೋಡೋಣ ಎಂದರು. ತಂಡ ಎಂದರೆ ಹೆಚ್ಚುಕಡಿಮೆ ನಾವೇ. ಜೊತೆಗೊಂದು ಷರತ್ತನ್ನೂ ಹಾಕಿದರು: ಮೊದಲ ಸುತ್ತಿನಲ್ಲೇ ಸೋತು ಬಂದರೆ ಮುಂದಿನ ವರ್ಷದಿಂದ ತಂಡವಿಲ್ಲ. ಗಂಡುಹುಡುಗರ ತಂಡ ಎಷ್ಟೋ ವರ್ಷ ಮೊದಲ ಸುತ್ತಿನಲ್ಲೇ ಮಣ್ಣುಮುಕ್ಕಿ ಬರುತ್ತಿತ್ತು. ಅವರಿಗೆ ಇಂಥ ಷರತ್ತು ಯಾರೂ ಹಾಕಿರಲಿಲ್ಲ. ಈ ಮಾತು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಸೋತರೆ ನನಗೇನು, ಮನೆಗೆ ಹೋಗಿ ಉಣ್ಣುವುದು. ಆದರೆ ಕ್ಯಾಪ್ಟನ್‌ಗೆ ಹಾಸ್ಟೆಲಿನ ಸೀಟು ಸಿಕ್ಕಿದ್ದೇ ಆಟದ ಕೋಟಾದಲ್ಲಿ. ಮುಂದಿನ ವರ್ಷದಿಂದ ಆ ಕೋಟಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವವರಿಗೆ ಮಾತ್ರ ಎಂದಿದ್ದರು. ತಂಡವಿಲ್ಲದಿದ್ದರೆ ಸೀಟಿಲ್ಲ. ದೇವನಕೊಂಡದಿಂದ ದಿನಾ ಬಂದು ಹೋಗುವ ಮಾತೇ ಇಲ್ಲ, ಹೊರಗೆ ಬಾಡಿಗೆ ರೂಮಿನಲ್ಲಿ ಮಗಳನ್ನು ಇಡಲು ಅವಳ ಅಪ್ಪ ಸುತರಾಂ ಒಪ್ಪುವವರಲ್ಲ. ಡಿಗ್ರಿ ಮುಗಿಯಲು ಇನ್ನೊಂದು ವರ್ಷವಿತ್ತು. ಹೊರಡುವ ದಿನ ಅವಳನ್ನು ಕರೆಯಲು ಹಾಸ್ಟೆಲಿಗೆ ಹೋದಾಗ, ಅವಳ ಮೂಲೆ ಪೂರ್ತಿ ಖಾಲಿ. ಹಾಸಿಗೆ ಸುತ್ತಿಟ್ಟಿತ್ತು. ತಟ್ಟೆ, ಲೋಟ, ಪುಸ್ತಕ ಎಲ್ಲ ಟ್ರಂಕಿನೊಳಗೆ ಸೇರಿ ಬೀಗ ಬಿದ್ದಿತ್ತು.

"ಇದೇನಿದು?" ಎಂದೆ.

"ಸೋತು ಬಂದ ಮ್ಯಾಲ ಕಟ್ಟಿಕೋತ ಕೂತರ ಅಳು ಬರ್ತೈತಿ. ಈಗ ಕಟ್ಟಿದ್ರ ಬರಂಗಿಲ್ಲ" ಎಂದಳು.

ಇನ್ನು ಅಜ್ಜಿ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಊರು ಬಿಟ್ಟು ಕಳಿಸಬೇಕಾದರೆ ಜೊತೆಗೆ ಮನೆಯ ಹಿರಿ ಹೆಂಗಸೊಬ್ಬಳು ಹೋಗಲೇಬೇಕು. ಮೇಡಂ ಇದ್ದಾರಲ್ಲ ಎಂದರೆ, ಅವರೂ ಮದುವೆಯಾಗದ ಹುಡುಗಿಯೇ ಅಲ್ಲವೇ ಎಂದು ಉಳಿದ ಮನೆಯವರು ತಕರಾರು ತೆಗೆದರು. ಕೊನೆಗೆ ನನ್ನ ಅಜ್ಜಿ ಎದ್ದಳು. ಹಣೆ ತುಂಬ ವಿಭೂತಿ, ಲಿಂಗಪೂಜೆ ಮುಗಿಸದೆ ನೀರೂ ಮುಟ್ಟದವಳು. ಒಂದು ಚೀಲದಲ್ಲಿ ಪೂಜೆಯ ಸಾಮಾನು, ಇನ್ನೊಂದರಲ್ಲಿ ತಂಡಕ್ಕೆಲ್ಲ ಸಾಲುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಹೇರಿಕೊಂಡು ರೈಲು ಹತ್ತಿದಳು. ವಿಶ್ವವಿದ್ಯಾಲಯದ ತಂಡದ ಮೊದಲ ಮ್ಯಾನೇಜರು ಅವಳೇ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳಬಲ್ಲೆ.

ಪಂದ್ಯ ಇದ್ದದ್ದು ಗಡಿಯಾಚೆ, ಕರ್ನಾಟಕದ ಒಂದು ದೊಡ್ಡ ಊರಿನಲ್ಲಿ. ಸ್ಟೇಷನ್ನಿನಲ್ಲಿ ಇಳಿದರೆ ಎಲ್ಲೆಲ್ಲೂ ಕನ್ನಡ! ಬಸ್ಸಿನ ಬೋರ್ಡು ಕನ್ನಡ, ಚಹಾದಂಗಡಿ ಕನ್ನಡ. ಶಾಲೆಯಿಂದ ತೆಲುಗಿನಲ್ಲೇ ಓದಿ, ಕನ್ನಡವನ್ನು ಮನೆಯೊಳಗೆ ಮಾತ್ರ ಇಟ್ಟುಕೊಂಡಿದ್ದ ನಮಗೆ ತವರಿಗೆ ಬಂದಷ್ಟು ಖುಷಿ. ಅಜ್ಜಿಯಂತೂ ಆಟೋದವನ ಹತ್ತಿರ ಅವನ ಮಕ್ಕಳ ಕ್ಷೇಮವನ್ನೆಲ್ಲ ವಿಚಾರಿಸಿದಳು. ಈ ಸಂಭ್ರಮದಲ್ಲಿ ನಮ್ಮಲ್ಲಿ ಒಬ್ಬಳಿಗೂ, ಒಬ್ಬಳಿಗೂ, ತಲೆಗೆ ಹೊಳೆಯಬೇಕಾದ ಒಂದು ಮಾತು ಹೊಳೆಯಲಿಲ್ಲ.

ಪಂದ್ಯ ಶುರುವಾಯಿತು. ಎದುರಿಗೆ ಆ ಕಡೆಯದೇ ತಂಡ. ನಾವು ಅಭ್ಯಾಸಬಲದಿಂದ "ಎಡಕ್ಕ ಓಡು" ಎಂದು ಕೂಗಿದರೆ ಅವರು ಆಗಲೇ ಎಡಕ್ಕೆ ಬಂದು ನಿಂತಿರುತ್ತಿದ್ದರು. "ಹಿಂದ ಕೊಡು" ಎಂದರೆ ಹಿಂದೆ ಒಂದು ಕೈ ಕಾದಿರುತ್ತಿತ್ತು. ಇವರೇನು ಮಾಟಗಾತಿಯರೇ ಎಂದುಕೊಂಡೆ. ಮೇಡಂ ಗೆರೆಯಾಚೆ ನಿಂತು, "ಏಮೈಂದಿ ಮೀಕು ಈರೋಜು?" ಎಂದು ಒಂದೇ ಸಮನೆ ಕೇಳುತ್ತಿದ್ದರು. ನಮಗೇನಾಗಿದೆ ಎಂದು ನಮಗೇ ಗೊತ್ತಿರಲಿಲ್ಲ. ಅಜ್ಜಿ ಮಾತ್ರ, "ಆಕಿ ನಿನ್ನ ನೂಕಿದಳು, ನೀ ಯಾಕ ಸುಮ್ನದಿ?" ಎಂದು ತನ್ನ ಪಾಡಿಗೆ ತಾನು ತರಬೇತಿ ಕೊಡುತ್ತಿದ್ದಳು.

ಹಾಫ್ ಟೈಮಿಗೆ ನಾವು ಚೆನ್ನಾಗಿಯೇ ಹಿಂದೆ ಬಿದ್ದಿದ್ದೆವು. ನೀರಿನ ಡ್ರಮ್ಮಿನ ಹತ್ತಿರ ಎದುರು ತಂಡದ ಉದ್ದನೆಯ ಹುಡುಗಿ ಬಂದು ಬಾಯ್ತುಂಬ ನಕ್ಕಳು. "ಆಂಧ್ರದೋರು ಅಂದ್ರು ನಿಮ್ಮನ್ನ. ಎಷ್ಟು ಚಂದ ಕನ್ನಡ ಮಾತಾಡ್ತೀರಲ್ರಿ!"

ಅಜ್ಜಿಗೆ ಸ್ವರ್ಗವೇ ಸಿಕ್ಕಿತು. "ಮತ್ತ! ನಾವು ಮೊದಲಿಂದ ಕನ್ನಡದೋರ ಅದೀವಿ ತಂಗಿ" ಎಂದು ಅವಳ ಕೈಗೊಂದು ರೊಟ್ಟಿಯನ್ನೂ ಕೊಟ್ಟಳು. ಕ್ಯಾಪ್ಟನ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕನ್ನಡದವರ ಊರಿಗೆ ಬಂದು ಕನ್ನಡದಲ್ಲಿ ಗುಟ್ಟು ಕೂಗುವ ಜಾಣೆಯರು ಆದೋನಿಯಲ್ಲಿ ಬಿಟ್ಟರೆ ಬೇರೆಲ್ಲಿ ಹುಟ್ಟುತ್ತಾರೆ!

"ತೆಲುಗಿನಾಗ ಕೂಗೋಣ" ಎಂದೆ. ಮತ್ತೆ ಇಳಿದು "ಎಡಮಕು, ಎಡಮಕು" ಎಂದು ಕೂಗಿದೆವು. ಆ ಉದ್ದನೆಯ ಹುಡುಗಿ ಬಳ್ಳಾರಿಯವಳು. ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ಅವಳು ಅಲ್ಲಿಂದಲೇ ತನ್ನವರಿಗೆ ಕನ್ನಡದಲ್ಲಿ ಹೇಳಿಕೊಡತೊಡಗಿದಳು. ಆಗ ಕ್ಯಾಪ್ಟನ್ ನಮ್ಮನ್ನು ಹತ್ತಿರ ಕರೆದು, "ಇನ್ನ ಯಾರೂ ಬಾಯಿ ಬಿಡಬ್ಯಾಡ್ರಿ. ಕಣ್ಣು ನೋಡಿ ಆಡ್ರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಮೊದಲು" ಎಂದಳು.

ಜೀವನದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೊಂದೇ ಸಲ. ಎರಡು ವರ್ಷ ಜೊತೆಯಲ್ಲಿ ಗುಡಿಸಿ, ಬಿದ್ದು, ಎದ್ದವರು ನಾವು. ಅವಳ ಭುಜ ಯಾವ ಕಡೆ ವಾಲಿದರೆ ಚೆಂಡು ಯಾವ ಕಡೆ ಬರುತ್ತದೆಂದು ನನ್ನ ಮೈಗೇ ಗೊತ್ತಿತ್ತು. ಅದು ನಮಗೆ ಗೊತ್ತಿದೆ ಎಂಬುದೇ ಆವತ್ತಿನವರೆಗೆ ಗೊತ್ತಿರಲಿಲ್ಲ, ಅಷ್ಟೆ. ನಿಧಾನಕ್ಕೆ ಅಂಕ ಕೂಡುತ್ತ ಬಂದವು. ಕೊನೆಯ ನಿಮಿಷಕ್ಕೆ ಇಬ್ಬರದೂ ಸಮ. ಚೆಂಡು ಕ್ಯಾಪ್ಟನ್ ಕೈಯಲ್ಲಿತ್ತು. ನನಗೆ ಹಾಸ್ಟೆಲಿನ ಆ ಟ್ರಂಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಷ್ಟು ಹೊತ್ತೂ ತುಟಿ ಬಿಚ್ಚದವಳು ಇದ್ದಕ್ಕಿದ್ದಂತೆ ಗಂಟಲು ಹರಿಯುವ ಹಾಗೆ ಕೂಗಿದಳು: "ಎಡಕ್ಕ ಓಡು! ಹಾಕ್ತೀನಿ, ಎಡಕ್ಕ ಓಡು!"

ನಾನು ಎರಡೂ ಕೈ ಚಾಚಿಕೊಂಡು ಎಡಕ್ಕೆ ಓಡಿದೆ. ಎದುರು ತಂಡದವರೆಲ್ಲ ನನ್ನ ಹಿಂದೆ ಎಡಕ್ಕೆ ಓಡಿದರು. ತಿರುಗಿ ನೋಡಿದರೆ ಬಲಗಡೆ ರಿಂಗಿನ ಕೆಳಗೆ ಅವಳೊಬ್ಬಳೇ. ಮದುವೆಮನೆಯಲ್ಲಿ ಎಲೆಗೆ ಬಡಿಸುವಷ್ಟು ಸಮಾಧಾನದಲ್ಲಿ ಚೆಂಡನ್ನು ಎತ್ತಿ ಒಳಗೆ ಹಾಕಿದಳು.

"ನನಗಾರ ಹೇಳಬಾರದಿತ್ತ?" ಎಂದು ಆಮೇಲೆ ಜಗಳ ತೆಗೆದೆ.

"ನಿನಗ ಹೇಳಿದ್ರ ನಿನ್ನ ಮುಖ ನೋಡೇ ಅವರಿಗೆ ತಿಳೀತಿತ್ತು" ಎಂದಳು.

ಮರುದಿನ ಎರಡನೆಯ ಸುತ್ತಿನಲ್ಲಿ ನಮ್ಮನ್ನು ಹಿಗ್ಗಾಮುಗ್ಗಾ ಸೋಲಿಸಿದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿಂದ ಇಲ್ಲಿಯವರೆಗೆ ತಂಡ ನಿಂತಿಲ್ಲ. ಅಜ್ಜಿ ಈಗಿಲ್ಲ. ನಾನು ಅಪ್ಪನ ಹತ್ತಿ ಅಂಗಡಿಯಲ್ಲಿ ಕೂತು ದಿನವಿಡೀ ಮಾತಾಡುತ್ತೇನೆ. ಕ್ಯಾಪ್ಟನ್ ಗೋನೆಗಂಡ್ಲದ ಶಾಲೆಯಲ್ಲಿ ಆಟದ ಟೀಚರು. ಅವಳು ತಯಾರು ಮಾಡಿದ ಹುಡುಗಿಯರು ಒಬ್ಬರಾದ ಮೇಲೊಬ್ಬರು ನಮ್ಮ ಕಾಲೇಜಿಗೆ ಬಂದು ಅದೇ ಕೋರ್ಟು ಗುಡಿಸುತ್ತಾರೆ. ಅಂಥ ಮನುಷ್ಯಳನ್ನು ಗೆಳತಿ ಎನ್ನಲು ನನಗೆ ಹೆಮ್ಮೆ, ಅವಳೆದುರಿಗೆ ಹೇಳಿಲ್ಲ ಅಷ್ಟೆ.

ಆ ಸಲ ನಾವು ಆದೋನಿಗೆ ಹಿಂತಿರುಗಿದ್ದು ಬೆಳಗಿನ ರೈಲಿಗೆ. ಮನೆಗೆ ಹೋಗದೆ ನಾನು ಅವಳ ಜೊತೆ ಸೀದಾ ಹಾಸ್ಟೆಲಿಗೆ ಹೋದೆ. ಅವಳು ಟ್ರಂಕಿನ ಬೀಗ ತೆಗೆದಳು. ಪುಸ್ತಕಗಳನ್ನು ಗೂಡಿನಲ್ಲಿಟ್ಟಳು, ತಟ್ಟೆಯ ಮೇಲೆ ಲೋಟ ಬೋರಲು ಹಾಕಿದಳು, ಹಾಸಿಗೆ ಬಿಚ್ಚಿದಳು. ಬಿಚ್ಚಿದ ಹಾಸಿಗೆಯ ಮೇಲೆ ಕೂತು, ಹೊರಡುವಾಗ ಬರುವುದಿಲ್ಲ ಎಂದಿದ್ದ ಆ ಅಳುವನ್ನೆಲ್ಲ ಅತ್ತಳು. ನಾನು ಪಕ್ಕದಲ್ಲಿ ಕೂತಿದ್ದೆ. ಆಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದಳು: "ನಾಳಿ ಜಲ್ದಿ ಬಾ. ಇಷ್ಟು ದಿನ ಗುಡಿಸಿಲ್ಲ, ಕೋರ್ಟ್ ತುಂಬ ಹತ್ತಿ ಬಿದ್ದಿರ್ತೈತಿ."