ಅಳಿಸುವ ಸಾಲಿನಲ್ಲಿ ಕಾಜಲ

ನಾನು ಫೋಟೊ ಸ್ಟುಡಿಯೊದ ಕೆಲಸಕ್ಕೆ ಸೇರಿದ ಮೊದಲ ವಾರ. ಗುರುಸಿದ್ಧಣ್ಣ ತೋರಿಸಿದ ಪರದೆಯ ಮೇಲೆ ಮದುವೆ ಫೋಟೊಗಳೆಲ್ಲ ಮನೆತನವಾರು ಹೊಂದಿಕೊಂಡು ಕೂತಿದ್ದವು. ಮುಗಿಯಿತೆಂದು ತಿಳಿದು ಮಾಲೀಕರಿಗೆ "ಆತ್ರಿ ಸಾಹೇಬ್ರ" ಅಂದುಬಿಟ್ಟೆ. ಡಿಸ್ಕು ತೆರೆದರೆ ಒಂದು ಫೋಟೊವೂ ಜಾಗ ಬಿಟ್ಟು ಕದಲಿರಲಿಲ್ಲ. ಕಂಪ್ಯೂಟರಿಗೆ ದೃಷ್ಟಿಯಾಗಿದೆಯೆಂದು ನಿಂಬೆಹಣ್ಣು ಇಳಿಸಿದೆ. ನಾನು ಬಿ.ಕಾಂ. ಪಾಸು.

"ಲೇ ಯುವರಾಜ, ಅದು ಪ್ರಿವ್ಯೂ. ಸರಿಸಿದ್ರ ಹಿಂಗ ಆಗತೈತಿ ಅಂತ ಮೊದಲ ತೋರಸತೈತಿ. ಓದಿ, ಮನಸಿಗೆ ಬಂದ್ರ ಆಮ್ಯಾಲ ಒತ್ತೋದು," ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಹನ್ನೂರಿನ ಕುರಿಗಾರರ ಮನೆಯ ಗುರುಸಿದ್ಧಣ್ಣ ವಿಜಾಪುರ ರಸ್ತೆಯ ನಮ್ಮ ಸ್ಟುಡಿಯೊದಲ್ಲಿ ಹಿರಿಯ ಆಪರೇಟರ್. ಮದುಮಗನ ಮುಖ ಬೆಳ್ಳಗೆ ಮಾಡಿಕೊಡಿ ಎಂದು ಬಂದವರಿಗೆ, "ಹೆಣ್ಣ ಕೊಟ್ಟವರು ನೋಡೇ ಕೊಟ್ಟಾರಲ್ರಿ" ಎನ್ನುತ್ತಿದ್ದ. ಹೋದ ಚಳಿಗಾಲದಲ್ಲಿ ಅವನ ತಂಗಿ ಕಾಜಲ ಹೆರಿಗೆಯಲ್ಲಿ ತೀರಿಕೊಂಡಳು. ಬೀಗರು ಆಲ್ಬಮ್ಮನ್ನೂ ಕೊಡಲಿಲ್ಲ. ಅವಳು ನಗುವ ಫೋಟೊ ಉಳಿದಿದ್ದು ನಮ್ಮ ಡಿಸ್ಕಿನಲ್ಲಿ ಮಾತ್ರ, ಲಗ್ನಕ್ಕೆ ಮುಂಚೆ ಅರಿಶಿನದ ಶಾಸ್ತ್ರದಲ್ಲಿ ಹಳದಿ ಹಚ್ಚಿದ ದಿನದ್ದು. ತೆರೆದು ನೋಡುವ ಧೈರ್ಯ ಅವನಿಗೆ ಬಂದಿರಲಿಲ್ಲ.

ಈ ಲಗ್ನಸರಾಯಿಯಲ್ಲಿ, ಸಾಲುಸಾಲು ಮದುವೆಗಳ ಹಂಗಾಮಿನಲ್ಲಿ, ಡಿಸ್ಕು ತುಂಬಿತು. ಇನ್ನೊಂದು ಪ್ರತಿ ಇಡುವ ರೂಢಿ ನಮ್ಮಲ್ಲಿಲ್ಲ. ಮಾಲೀಕ ದಾಮೋದರ ಸಾಹೇಬರು ಗುರುಸಿದ್ಧಣ್ಣನಿಗೆ ಹೇಳಿದರು: "ಆಲ್ಬಮ್ ಆರ್ಡರಿನ ಹೆಸರಿಗೆ ಹೊಂದೋ ಫೋಟೊ ಒಂದೊಂದು ಫೋಲ್ಡರಿಗೆ ಹಾಕು. ಹೊಂದಲಾರದ್ದು ಅಳಸು. ನಾಳಿ ಲಗ್ನಕ್ಕ ಜಾಗಾ ಬೇಕು."

ಗುರುಸಿದ್ಧಣ್ಣ ಪ್ರಿವ್ಯೂ ಹಾಕಿದ. ಅಳಿಸುವ ಸಾಲಿನಲ್ಲಿ ಅವನ ಕಣ್ಣು ನಿಂತುಬಿಟ್ಟಿತು: 'ಕಾಜಲ ಹಳದಿ'.

ನಮ್ಮ ಕಡೆ ಲಗ್ನದಲ್ಲಿ ಗಂಡ ತಟ್ಟೆಯ ಅಕ್ಕಿಯಲ್ಲಿ ಬೆರಳಾಡಿಸಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಹಾಗೆ ಕಾಜಲಳ ಹೆಸರು ಭಕ್ತಿ ಎಂದಾಯಿತು. ಆಲ್ಬಮ್ಮಿನ ಆರ್ಡರು ಗಂಡನ ಮನೆಯಿಂದ, ಹೊಸ ಹೆಸರಿನಲ್ಲಿ ಬರುತ್ತದೆ. ಹಳದಿಯ ಫೋಟೊ ಮಾತ್ರ ತವರಿನ ಹೆಸರಿನಲ್ಲಿ. ಕಂಪ್ಯೂಟರಿನ ಲೆಕ್ಕದಲ್ಲಿ ಕಾಜಲ ಯಾರೂ ಅಲ್ಲ.

"ಇಲ್ಲಿಂದನೂ ಹೊಂಟಾಳಲೇ," ಎಂದ. ಗುರುಸಿದ್ಧಣ್ಣ ಮೌಸ್ ಬಿಟ್ಟು ಕೈ ಹಿಂದಕ್ಕೆ ತೆಗೆದ.

"ನಿನ್ನ ತಂಗೀದು ಪೆನ್‌ಡ್ರೈವಿಗೆ ತಗೋ. ಉಳದದ್ದು ಒತ್ತು," ಎಂದರು ಸಾಹೇಬರು.

ಅವಳದನ್ನು ತೆಗೆದುಕೊಂಡ. ಆದರೆ ಒತ್ತಲಿಲ್ಲ. ಅವಳ ಕೆಳಗೆ ಪರದೆ ತುಂಬ ಹುಡುಗಿಯರಿದ್ದರು, ಎಲ್ಲ ತವರಿನ ಹೆಸರಿನವರು. ಒಬ್ಬೊಬ್ಬರ ಮನೆಗೂ ಫೋನ್ ಹಚ್ಚತೊಡಗಿದ: "ಅಕ್ಕಿಯೊಳಗ ಏನ್ ಹೆಸರ ಬರದ್ರಿ?" ಕೆಲವರು ಹೇಳಿದರು; ಆ ಹುಡುಗಿಯರ ಫೋಟೊ ಹೊಸ ಹೆಸರಿನ ಫೋಲ್ಡರಿಗೆ ಹೋಗಿ ಉಳಿಯಿತು. ಕೆಲವರು ಬೈದರು. ಒಬ್ಬ ಅತ್ತೆ "ತೂ ಕೋಣ್ ರೇ?", ನೀನ್ಯಾರೋ ಎಂದು ಮರಾಠಿಯಲ್ಲಿ ಗದರಿಸಿ ಫೋನ್ ಇಟ್ಟಳು. ನಾನೂ ಒಂದು ಕಡೆ ಫೋನ್ ಮಾಡಿ, ಅವರ ಸೊಸೆಯ ಹಳೆಯ ಪ್ರೇಮಿ ಅನ್ನಿಸಿಕೊಂಡು ಸುಮ್ಮನಾದೆ. ಆ ಯೋಗವೂ ನನಗೆ ಬರೀ ಪ್ರಿವ್ಯೂದಲ್ಲೇ.

"ಒಂದ ದಿನ ಕೊಡ್ರಿ ಸಾಹೇಬ್ರ, ಕಾಲ ಬೀಳತೀನಿ," ಎಂದ ಗುರುಸಿದ್ಧಣ್ಣ.

"ನಾಳಿನ ಲಗ್ನ ಎಲ್ಲಿ ಇಡ್ಲಿ, ನಿನ್ನ ತಲಿಮ್ಯಾಲ?"

ಅರ್ಧದಷ್ಟು ಹುಡುಗಿಯರ ಹೊಸ ಹೆಸರು ಇನ್ನೂ ಸಿಕ್ಕಿರಲಿಲ್ಲ. ಸಂಜೆ ಸಾಹೇಬರೇ ಬಂದು, ಅವನನ್ನು ಕುರ್ಚಿಯಿಂದ ಎಬ್ಬಿಸಿ, ಒತ್ತಿದರು. ಸಾಲುಗಳು ಒಂದೊಂದಾಗಿ ಮಾಯವಾಗುವುದನ್ನು ಗುರುಸಿದ್ಧಣ್ಣ ನಿಂತೇ ನೋಡಿದ.

ನಾವಿಬ್ಬರೂ ಅಕ್ಕಲಕೋಟದ ಬಸ್ಸಿಗೆ ಕಾಯುವಾಗ, ಕೇಳಬಾರದಿತ್ತು, ಕೇಳಿದೆ: "ಅಣ್ಣಾ, ಕಾಜಲಕ್ಕ ಅದರಾಗ ಇರಲಿಲ್ಲಂದ್ರ ನೀ ತಡೀತಿದ್ದೇನು?"

"ಇಲ್ಲ. ಮಧ್ಯಾಹ್ನನ ಒತ್ತಿರತಿದ್ದೆ."