ಬಿಚ್ಚಿದ ಎಂಜಿನ್ ಮುಂದೆ ಅಪ್ಪ

ಹೋದ ವರ್ಷ ಮಾಡಿಸದೇ ಇದ್ದ ಎಂಜಿನ್ ಕೆಲಸವನ್ನು ಮಾಡಿಸಿದ್ದೇವೆಂದು ನಮ್ಮೂರ ಭತ್ತ ಬೆಳೆಗಾರರ ಸಂಘದ ಆಡಳಿತ ಮಂಡಳಿ ಸುಳ್ಳು ದಾಖಲೆ ಇಟ್ಟಿದೆ. ಆ ಸುಳ್ಳನ್ನು ಕಾಪಾಡಿಕೊಳ್ಳಲು, ಹದಿನಾಲ್ಕು ವರ್ಷ ಸಂಘದ ಲಾರಿ ನಡೆಸಿದ ನನ್ನ ಅಪ್ಪನನ್ನು ಕೆಲಸದಿಂದ ತೆಗೆದಿದೆ. ಇದು ಗಾಳಿಮಾತಲ್ಲ. ಆ ಎಂಜಿನ್ನಿನೊಳಗೆ ಬೆರಳಿಟ್ಟು ನೋಡಿದವಳು ನಾನು.

ಈ ವರ್ಷದ ಬೇಸಿಗೆ ಬೆಳೆಯ ಕಟಾವು ಮುಗಿಯುತ್ತ ಬಂದಿದ್ದ ದಿನಗಳವು. ಕಲಬುರಗಿಯಲ್ಲಿ ಎಂ.ಎ. ಕೊನೆಯ ಪರೀಕ್ಷೆ ಬರೆದು ನಾನು ಊರಿಗೆ ಬಂದಿದ್ದೆ. ಭತ್ತ ಹೇರಿಕೊಂಡು ಲಿಂಗಸುಗೂರಿಗೆ ಹೊರಟಿದ್ದ ಸಂಘದ ಲಾರಿ ಮಸ್ಕಿಯ ಆಚೆಯ ಏರಿನಲ್ಲಿ ನೀಲಿ ಹೊಗೆ ಕಾರಿ ನಿಂತುಬಿಟ್ಟಿತು. ಅದನ್ನು ಸಿಂಧನೂರಿನ ಗ್ಯಾರೇಜಿಗೆ ಎಳೆತಂದರು. ಅಪ್ಪನ ಜೊತೆ ನಾನೂ ಅಲ್ಲಿಗೆ ಹೋದೆ.

ಸಂಘದ ಮುಂದೆ ಎರಡು ದಾರಿಗಳಿದ್ದವು. ಎಂಜಿನ್ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಿ ಅದನ್ನೇ ಮತ್ತೆ ಕಟ್ಟಿಸುವುದು ಒಂದು. ಹಳೆಯದನ್ನು ಲಿಂಗಸುಗೂರಿನ ವ್ಯಾಪಾರಿಗೆ ಕೊಟ್ಟು, ಅವನಿಂದ ಬೇರೆ ಎಂಜಿನ್ ತರುವುದು ಇನ್ನೊಂದು. ಅಧ್ಯಕ್ಷರು ಗ್ಯಾರೇಜಿನಲ್ಲಿ ಎಲ್ಲರೆದುರು ಅಪ್ಪನಿಗೆ ಅಂದರು: “ಹ್ವಾದ ವರ್ಷನಽ ಪೂರಾ ಕೆಲಸ ಮಾಡ್ಸೇವಿ. ವರ್ಷದಾಗ ಹಿಂಗ ಆಗೇತಿ ಅಂದ್ರ ಗಾಡಿ ತಪ್ಪಲ್ಲಪಾ, ಆಕ್ಸಿಲರೇಟರ್ ಒತ್ತೋ ನಿನ್ನ ಕಾಲಿನ ತಪ್ಪು.”



ಅಧ್ಯಕ್ಷರು ಹೋದ ಮೇಲೆ ಮೇಸ್ತ್ರಿ ಮೆಹಬೂಬ್ ಚಾಚಾ ಎಂಜಿನ್ ಬಿಚ್ಚಿದರು. ಹಿಂದಿನ ವರ್ಷದ ಕೆಲಸ ಬೇರೆ ಗ್ಯಾರೇಜಿನದು. ಒಳಗೆ ನೋಡಿದವರೇ ಅವರು ನನ್ನನ್ನು ಕರೆದರು.

“ಬಾ ಬೇಟಿ, ಓದಿದಾಕಿ ಅದೀ, ನೀನಽ ನೋಡು. ಇದು ಲೈನರ್, ಪಿಸ್ಟನ್ ಓಡಾಡೋ ಕೊಳವಿ. ಬೆರಳು ಕೆಳಗಿಂದ ಮ್ಯಾಲೆ ತಗೊಂಡ್ ಬಾ. ಉಗುರು ತಡೀತೇನು?”

“ತಡೀತು ಚಾಚಾ. ಮೆಟ್ಟಿಲಿನಂಗ ಐತಿ.”

“ಈ ಮೆಟ್ಟಿಲು ಬೀಳಾಕ ಏಳೆಂಟು ವರ್ಷ ಓಡಬೇಕು. ಲೈನರ್ ಬದ್ಲಿ ಮಾಡಿಲ್ಲ, ಪಿಸ್ಟನ್ ಬದ್ಲಿ ಮಾಡಿಲ್ಲ. ಮ್ಯಾಲೆ ಬಣ್ಣ ಬಳದು ಕಳಿಸ್ಯಾರ.” ಕೈ ಒರೆಸಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಪ್ಪನಿಗೆ ಹೇಳಿದರು: “ಉಳಿದಿದ್ದೆಲ್ಲಾ ಗಟ್ಟಿ ಐತಿ. ಹೊಸಾವು ಹಾಕಿದ್ರ ಇದಽ ಮತ್ತ ಓಡ್ತೈತಿ. ಬ್ಯಾರೆ ತರೋ ಜರೂರತ್ತಽ ಇಲ್ಲ.”

ನಮ್ಮ ಕಡೆ ಎಂಜಿನ್ ಬಿಚ್ಚಿದರೆ ಡ್ರೈವರ್ ಎದುರಿಗೆ ಕೂತಿರಬೇಕು, ತೆಗೆದ ಹಳೆಯ ಭಾಗಗಳು ಚೀಲದಲ್ಲಿ ಮಾಲೀಕರಿಗೆ ವಾಪಸು ಬರಬೇಕು ಎಂಬುದು ರೂಢಿ. ಹೋದ ವರ್ಷ ಅಪ್ಪ ಅಲ್ಲಿ ಕೂತಿರಲಿಲ್ಲ. “ಮಗಳನ್ನ ಹಾಸ್ಟೆಲ್ಲಿಗೆ ಬಿಟ್ಟು ಆರಾಮ ಬಾರಪಾ, ಗಾಡಿ ನಾವು ನೋಡ್ಕೋತೀವಿ” ಎಂದು ಸಂಘದವರೇ ರಜೆ ಕೊಟ್ಟಿದ್ದರು. ಅಪ್ಪ ನನ್ನ ಟ್ರಂಕು ಹೊತ್ತು ಕಲಬುರಗಿಗೆ ಬಂದಿದ್ದರು. ವಾಪಸು ಹೋದಾಗ ಹೊಳೆಯುವ ಹೊಸ ಬಣ್ಣ ಕಂಡು, ಕೆಲಸ ಸರಿಯಾಗಿದೆ ಎಂಬ ಚೀಟಿಗೆ ಸಹಿ ಹಾಕಿದ್ದರು.

ಮರುದಿನ ಸಂಘದ ಸಭೆಯಲ್ಲಿ, ಗ್ಯಾರೇಜಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಹೋದ ವರ್ಷ ತೆಗೆದೆವೆನ್ನುವ ಹಳೆಯ ಪಿಸ್ಟನ್ನುಗಳೆಲ್ಲಿ ಎಂದು ಕೇಳಿದೆ. ಒಬ್ಬ ಸದಸ್ಯರು ಅಪ್ಪನ ಕಡೆ ತಿರುಗಿ, “ಏನೋ, ನಿನ್ನ ಮಗಳು ಎಂ.ಎ. ಮಾಡ್ಯಾಳೋ, ಗ್ಯಾರೇಜ್ ತಗದಾಳೋ?” ಎಂದರು. ಸಭೆ ನಕ್ಕಿತು. ಚಾಚಾ ಅವರನ್ನು ಕರೆಸಿ ಕೇಳಿ ಎಂದೆ, ಯಾರೂ ಒಪ್ಪಲಿಲ್ಲ. ಅಧ್ಯಕ್ಷರು ಆ ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದರು.

“ಇದು ನಿಮ್ಮಪ್ಪನ ಸಹಿ ಹೌದೋ ಅಲ್ಲೋ?”

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ನನ್ನ ಕೈ ಹಿಡಿದರು. “ಸಾಕು ಬಿಡವ್ವಾ. ಸಹಿ ನಂದಽ ಐತಿ.”

ಬೇರೆ ಎಂಜಿನ್ ತರುವುದೆಂದು ತೀರ್ಮಾನವಾಯಿತು. ಚಾಲಕನ ನಿರ್ಲಕ್ಷ್ಯದಿಂದ ಎಂಜಿನ್ ಹಾಳಾಗಿದೆ ಎಂದು ಬರೆದ ವಜಾ ಪತ್ರ ಅಪ್ಪನ ಕೈಗೆ ಬಂತು. ಹಳೆಯ ಎಂಜಿನ್ ಟೆಂಪೋ ಏರಿ ಲಿಂಗಸುಗೂರಿಗೆ ಹೋಯಿತು. ಕಟ್ಟಿಸಿದ್ದರೆ ಸವೆದ ಲೈನರ್, ಪಿಸ್ಟನ್ನುಗಳು ಚೀಲದಲ್ಲಿ ಸಂಘಕ್ಕೇ ಬರುತ್ತಿದ್ದವು, ಹೋದ ವರ್ಷ ಬದಲಿಸಿದ್ದೇನೆಂದು ಯಾರು ಬೇಕಾದರೂ ಕೇಳಬಹುದಿತ್ತು. ಬದಲಿಸುವ ಆತುರ ಯಾರಿಗೆ, ಏಕೆ ಇತ್ತೆಂಬುದನ್ನು ಓದುಗರೇ ಊಹಿಸಲಿ.

ಅಪ್ಪ ಈಗ ಮನೆಯಲ್ಲೇ ಇದ್ದಾರೆ. ಮೊನ್ನೆ ಚಹಾ ಕುಡಿಯುತ್ತ, ತಮ್ಮ ಬಲಗಾಲನ್ನೇ ನೋಡುತ್ತ, “ಮಸ್ಕಿ ಏರಿನಾಗ ನಾನಽ ಜಾಸ್ತಿ ಒತ್ತಿದ್ನೇನೋ” ಎಂದರು. ನೌಕರಿ ಹೋದದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಡುತ್ತಿದೆ. ಅವರ ಕೈಗೆ ಕೊಟ್ಟ ಸುಳ್ಳನ್ನು ಅವರೇ ನಂಬತೊಡಗಿದ್ದಾರೆ.

ವ್ಯಾಪಾರಿಯನ್ನು ವಿಚಾರಿಸಿದ್ದೇನೆ, ಆ ಎಂಜಿನ್ ಇನ್ನೂ ಅವನ ಅಂಗಳದಲ್ಲಿದೆ. ಅದು ಗುಜರಿಗೆ ಹೋಗುವ ಮುನ್ನ, ಸಂಘಕ್ಕೆ ಸಂಬಂಧವಿಲ್ಲದ ತಜ್ಞರಿಂದ, ಅಪ್ಪನ ಸಮಕ್ಷಮದಲ್ಲಿ ಅದನ್ನು ಪರೀಕ್ಷಿಸಬೇಕೆಂದು ಆಡಳಿತ ಮಂಡಳಿಯನ್ನೂ ಸಂಬಂಧಪಟ್ಟ ಅಧಿಕಾರಿಗಳನ್ನೂ ಈ ಮೂಲಕ ಆಗ್ರಹಿಸುತ್ತೇನೆ. ಆಗದ ಕೆಲಸವನ್ನು ಆಯಿತೆಂದು ಬರೆಸಿದವರು ಯಾರೆಂದು ಮಂಡಳಿ ತಿಳಿಸಬೇಕು. ‘ಚಾಲಕನ ನಿರ್ಲಕ್ಷ್ಯ’ ಎಂಬ ಮಾತನ್ನು ಹಿಂಪಡೆಯಬೇಕು. ಉತ್ತರವನ್ನು ಲಿಖಿತವಾಗಿ, ನನ್ನ ಅಪ್ಪನ ಹೆಸರಿಗೇ ಕಳುಹಿಸಬೇಕೆಂದು ಕೋರುತ್ತೇನೆ.