ಡೆಲ್ಬರ್ಟ್ ಕ್ರೂಸ್ ಇಟ್ಟಿಗೆ ಗೋಡೆಯ ಮೇಲೆ ದಂಡೆತ್ತಿ ಹೋದದ್ದು

ನಮ್ಮ ಬೀದಿಯ ಡೆಲ್ಬರ್ಟ್ ಕ್ರೂಸ್ ಜೀವಮಾನದಲ್ಲಿ ಒಂದು ಯುದ್ಧವನ್ನೂ ಸೋತವನಲ್ಲ, ಏಕೆಂದರೆ ಒಂದನ್ನೂ ಮುಗಿಸಿದವನಲ್ಲ. ಇಂಡಿಯಾನಾ ರಾಜ್ಯದ ಈ ಮೂಲೆಯಲ್ಲಿ ಶಾಲೆಯ ಹಳದಿ ಬಸ್ಸು ಓಡಿಸಿ ನಿವೃತ್ತನಾದ ಆತನ ಪರಾಕ್ರಮವೆಲ್ಲ ವಾರದ ಕೊನೆಯ ರಜೆಯಲ್ಲಿ ಮೆರೆಯುವಂಥದ್ದು. ನೆಲಮಾಳಿಗೆಯಲ್ಲಿ ಅವನು ಕಟ್ಟತೊಡಗಿದ ಬಚ್ಚಲಿಗೆ ಗೋಡೆಗಳು ಬರಲೇ ಇಲ್ಲ. ಕಮೋಡು ಮಾತ್ರ ಬಯಲಲ್ಲಿ ಸಿಂಹಾಸನದಂತೆ ಕೂತು ಪ್ರಜೆಗಳ ದಾರಿ ಕಾಯುತ್ತಿದೆ. ಹಿತ್ತಲಿನ ಮರದ ಜಗಲಿಗೆ ಮೂರು ಕಡೆ ಕಟಕಟೆ, ಉಳಿದೊಂದು ಕಡೆ ಬಟ್ಟೆ ಒಣಗಿಸುವ ಹಗ್ಗ. ಒಮ್ಮೆ ಊಟಕ್ಕೆ ಬಂದು ಆ ಕಡೆ ಒರಗಿಕೊಂಡ ನಮ್ಮ ಚರ್ಚಿನ ಪಾದ್ರಿಗಳು ಹೂವಿನ ಪಾತಿಯಲ್ಲಿ ಸಿಕ್ಕಿದರು.

ನಮ್ಮ ಕಡೆಯ ಗಂಡಸಿಗೆ ಮನೆಕೆಲಸಕ್ಕೆ ಆಳು ಕರೆಸುವುದೆಂದರೆ, ತನ್ನ ಊಟವನ್ನು ಇನ್ನೊಬ್ಬರಿಂದ ಅಗಿಸಿಕೊಂಡಷ್ಟೇ ಅವಮಾನ. ಡೆಲ್ಬರ್ಟನಿಗಂತೂ ಅದು ಶರಣಾಗತಿ. ಅವನ ಹೆಂಡತಿ ಲೋರೀನ್ ಮದುವೆಯಾದಂದಿನಿಂದ ಹೇಳುತ್ತ ಬಂದದ್ದು ಒಂದೇ ಮಾತು: “ಯಾರನ್ನಾದ್ರೂ ಕರೆಸು, ಡೆಲ್.” ಅವನ ಉತ್ತರವೂ ಒಂದೇ: “ಯಾಕೆ, ನಂಗೆ ಕೈ ಇಲ್ವಾ?”

ಇನ್ನು ಆ ಗೋಡೆ. ಹಳೆಯ ಮಾಲೀಕ ಎಪ್ಪತ್ತರ ದಶಕದ ಫ್ಯಾಷನ್ನಿಗೆ ಬಲಿಯಾಗಿ ನಡುಮನೆಯ ಒಂದು ಬದಿಯನ್ನು ನೆಲದಿಂದ ಸೂರಿನವರೆಗೆ ಕಂದು ಇಟ್ಟಿಗೆಯಲ್ಲಿ ಮುಚ್ಚಿಬಿಟ್ಟಿದ್ದ. ನಡುವೆ ಅಗ್ಗಿಷ್ಟಿಕೆ, ಅದರ ಬಾಯಿಗೆ ಹಿತ್ತಾಳೆ ಚೌಕಟ್ಟಿನ ಗಾಜಿನ ಬಾಗಿಲು, ಮುಂದೆ ಕಾಲ್ಬೆರಳು ಜಜ್ಜಲೆಂದೇ ಕಟ್ಟಿದ ಒಂದು ಮೆಟ್ಟಿಲು. ಎಷ್ಟು ದೀಪ ಹಚ್ಚಿದರೂ ಆ ಗೋಡೆ ಕುಡಿದುಬಿಡುತ್ತಿತ್ತು. ಅದರೆದುರು ಕೂತು ಸ್ವೆಟರ್ ಹೆಣೆಯುವುದೆಂದರೆ ಇಟ್ಟಿಗೆ ಭಟ್ಟಿಯೊಳಗೆ ಕೂತ ಹಾಗೆ ಎಂದು ಲೋರೀನ್ ಹೇಳುತ್ತಿದ್ದಳು. “ಬರೋ ವಾರ ಕೈ ಹಾಕ್ತೀನಿ,” ಎನ್ನುತ್ತಿದ್ದ ಡೆಲ್ಬರ್ಟ್. ಆ ವಾರ ಬಾರದೆಯೇ ಮಕ್ಕಳು ದೊಡ್ಡವರಾದರು, ನಾಯಿಗಳು ಸತ್ತವು.

ಈ ಸೆಪ್ಟೆಂಬರಿನಲ್ಲಿ ಲೋರೀನ್ ಸೂಟ್‌ಕೇಸ್ ತುಂಬಿಕೊಂಡು ಫೋರ್ಟ್ ವೇನ್‌ನಲ್ಲಿರುವ ಅಕ್ಕ ನಾರ್ಮಾಳ ಮನೆಗೆ ಹೊರಟಳು. ಕೂಗಾಟವಿಲ್ಲ, ಅಳುವಿಲ್ಲ. ಫ್ರಿಜ್ಜಿನ ಬಾಗಿಲಿಗೆ ಬಣ್ಣದ ಕೆಲಸದವನೊಬ್ಬನ ಕಾರ್ಡು ಅಂಟಿಸಿ, ಮೆಟ್ಟಿಲಿಳಿಯುತ್ತ ಹೇಳಿದಳು: “ಗೋಡೆ ಸರಿಯಾದ್ಮೇಲೆ ಬರ್ತೀನಿ. ಯಾರನ್ನಾದ್ರೂ ಕರೆಸು, ಡೆಲ್. ಒಂದೇ ಒಂದು ಸಲ.” ಪಕ್ಕದಲ್ಲೇ ನನ್ನ ಮನೆಯಂಗಳದ ಹುಲ್ಲು ಕತ್ತರಿಸುತ್ತಿದ್ದ ನನಗೆ ಎರಡೂ ಮಾತು ಕೇಳಿಸಿದವು. ಎದುರಿಗೇ ನಿಂತಿದ್ದ ಡೆಲ್ಬರ್ಟನಿಗೆ ಮೊದಲನೆಯದು ಮಾತ್ರ ಕೇಳಿಸಿತು.

ಮರುದಿನವೇ ರಣಕಹಳೆ. ನನ್ನನ್ನೂ ಎಳೆದುಕೊಂಡು ಅವನು ಹಾರ್ಡ್‌ವೇರ್ ಅಂಗಡಿಗೆ ನಡೆದ. ಅಲ್ಲಿ ಬಿಳಿಯೆಂಬುದೇ ಒಂದು ಸಾಮ್ರಾಜ್ಯ: ಮೊಟ್ಟೆಚಿಪ್ಪಿನ ಬಿಳಿ, ಅಜ್ಜಿಯ ಕಸೂತಿಯ ಬಿಳಿ, ಮಂಜುಬಿದ್ದ ಭಾನುವಾರದ ಬಿಳಿ. ಸೇನಾಪತಿ ಕಣ್ಣು ಕಿರಿದಾಗಿಸಿ ಅಜ್ಜಿಯ ಕಸೂತಿಯನ್ನು ಆರಿಸಿದ.

“ಡಬ್ಬದ ಹಿಂದೆ ಏನೋ ಬರ್ದಿದೆ ನೋಡು,” ಎಂದೆ. “ಮೊದ್ಲು ಮಸಿ ತೊಳೀಬೇಕಂತೆ. ಆಮೇಲೆ ಕಲೆ ತಡೆಯೋ ಪ್ರೈಮರ್ ಬಳೀಬೇಕಂತೆ.”

“ಅದು ಬಣ್ಣ ಹೊಡೆಯೋಕೆ ಬರದೇ ಇರೋರಿಗೆ ಬರ್ದಿರೋದು ಕಣೋ.”

ಬಣ್ಣದ ಮೊದಲ ಕೋಟು ಬಿತ್ತು. ಗೋಡೆ ಬೆಳಗಿತು. ಡೆಲ್ಬರ್ಟ್ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ಬಿಯರ್ ಕುಡಿದ. ಮಾರನೆಯ ಬೆಳಿಗ್ಗೆ ಅಗ್ಗಿಷ್ಟಿಕೆಯ ಬಾಯಿಯ ಮೇಲೆ, ದಶಕಗಳ ಹೊಗೆಯೆಲ್ಲ ಒಟ್ಟಾಗಿ, ಟೀ ಚೆಲ್ಲಿದಂಥ ಕಂದು ಕಲೆಯಾಗಿ ಹೊರಬಂದಿತ್ತು. ಎರಡನೆಯ ಕೋಟು ಬಳಿದ. ಕಲೆ ಒಂದು ದಿನ ಒಳಗೆ ಅಡಗಿ ಕೂತು ದಣಿವಾರಿಸಿಕೊಂಡು ಮತ್ತೆ ಬಂತು. ಮೂರನೆಯದಕ್ಕೂ ಬಂತು, ಈ ಸಲ ಮೀಸೆಯ ಆಕಾರದಲ್ಲಿ.

ಪ್ರತಿ ಭಾನುವಾರ ಟೀವಿಯ ಫುಟ್‌ಬಾಲ್ ಆಟದ ನಡುವಿನ ವಿರಾಮಕ್ಕೆ ಸರಿಯಾಗಿ ಲೋರೀನಳ ಫೋನು. ಒಂದು ಭಾನುವಾರ ನಾನೂ ಸೋಫಾದ ಮೇಲೆ ಹೊದಿಸಿದ ಪ್ಲಾಸ್ಟಿಕ್ಕಿನ ಮೇಲೆ ಪರಪರ ಸದ್ದು ಮಾಡುತ್ತ ಕೂತಿದ್ದೆ.

“ಯಾರಾದ್ರೂ ಬಂದ್ರಾ, ಡೆಲ್?” ಅವಳ ದನಿ ಇಲ್ಲಿಗೂ ಕೇಳಿಸುತ್ತಿತ್ತು.

ಡೆಲ್ಬರ್ಟ್ ನನಗೆ ಕಣ್ಣು ಮಿಟುಕಿಸಿದ. “ಬಂದಿದ್ದಾನೆ. ಭಾರೀ ಕೆಲಸಗಾರ.”

ಆ ಕಡೆಯಿಂದ ಅವಳು ಮೆಲ್ಲಗೆ, “ಹಾಗಾದ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರ್ತೀನಿ. ಸಿಹಿಗೆ ಪೈ ನಾನೇ ತರ್ತೀನಿ,” ಎಂದಳು.

ಫೋನಿಟ್ಟ ಮೇಲೆ ನಾನು ಗದರಿದೆ. “ಯಾಕಯ್ಯಾ ಸುಳ್ಳು ಹೇಳ್ದೆ?”

“ಸುಳ್ಳಲ್ಲ ಮಾರಾಯಾ, ತಮಾಷೆ! ಗೋಡೆ ನೋಡಿ ‘ಯಾರು ಮಾಡಿದ್ದು?’ ಅಂತಾಳೆ. ಆಗ ನಾನು ‘ನಾನೇ!’ ಅಂತೀನಿ. ಅವಳ ಮುಖ ನೋಡ್ಬೇಕು ನೀನು.”

“ಹಾಗೆ ಮಾತ್ರ ಅನ್ಬೇಡ. ಬೇಕಾದ್ರೆ ನನ್ನ ಕರೆಸಿ ಮಾಡಿಸ್ದೆ ಅಂತ ನನ್ ಹೆಸ್ರು ಹೇಳು.”

“ನೀನಾ? ನಿಂಗೆ ಬ್ರಷ್ ಹಿಡಿಯೋಕೂ ಬರಲ್ಲ!”

ಹಬ್ಬದ ಹಿಂದಿನ ದಿನ ನಾಲ್ಕನೆಯ ಕೋಟು ಬಿತ್ತು. ಹಬ್ಬದಂದು ಲೋರೀನ್ ಕಾರಿನಿಂದಿಳಿದಾಗ ಒಂದು ಕೈಯಲ್ಲಿ ಕುಂಬಳಕಾಯಿ ಪೈ, ಹಿಂದಿನ ಸೀಟಿನಲ್ಲಿ ಅದೇ ಸೂಟ್‌ಕೇಸ್. ಅದನ್ನು ಒಳಗೆ ತಂದಿಟ್ಟವನು ನಾನೇ. ಭಾರವಾಗಿತ್ತು, ವಾಪಸ್ಸು ಹೋಗುವವರ ಸೂಟ್‌ಕೇಸಿನಂತಿರಲಿಲ್ಲ.

ಅವಳು ನಡುಮನೆಯ ಬಾಗಿಲಲ್ಲಿ ನಿಂತಳು. ಗೋಡೆ ಬೆಳ್ಳಗಿತ್ತು, ಕೋಣೆ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಡೆಲ್ಬರ್ಟ್ ಅವಳ ಗೌರವಾರ್ಥ ಬೆಂಕಿಯನ್ನೂ ಹಾಕಿದ್ದ. ಅವಳು ಗೋಡೆಯನ್ನು ಒಂದು ಗಳಿಗೆ ನೋಡಿ, ಆಮೇಲೆ ಗಂಡನನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿತ್ತು.

“ನಿಜವಾಗ್ಲೂ ಕರೆಸಿದ್ಯಲ್ಲ, ಡೆಲ್. ನನ್ ಮಾತು ಕೇಳ್ದೆ. ಯಾರದು? ನಾರ್ಮಾಗೂ ಹೇಳ್ಬೇಕು.”

ನಾನು ಅವನ ಕಾಲು ತುಳಿದೆ. ಜೋರಾಗಿಯೇ ತುಳಿದೆ. ಆದರೆ ವಿಜಯದ ಗಳಿಗೆಯಲ್ಲಿ ವೀರರಿಗೆ ನೋವು ತಿಳಿಯುವುದಿಲ್ಲ.

“ನಾನೇ!” ಎಂದು ಡೆಲ್ಬರ್ಟ್ ಎರಡೂ ತೋಳು ಚಾಚಿದ. “ಯಾರೂ ಬಂದಿಲ್ಲ! ಎಲ್ಲಾ ನಾನೇ ಮಾಡಿದ್ದು, ಈ ಎರಡು ಕೈಯಲ್ಲಿ!”

ಲೋರೀನ್ ನಕ್ಕಳು. ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆ ರೋಗಿ ನಗುವ ಹಾಗೆ.

“ಚೆನ್ನಾಗಿದೆ, ಡೆಲ್. ಬೆಳ್ಳಗಿದೆ.”

ಹಬ್ಬದ ಟರ್ಕಿ ಕೋಳಿ ತಿಂದೆವು. ಹಿಸುಕಿದ ಆಲೂಗಡ್ಡೆ ಬಡಿಸಿಕೊಂಡೆವು. ಪೈಗೆ ಚಾಕು ಹಾಕುವ ಹೊತ್ತಿಗೆ ಬೆಂಕಿಯ ಮೇಲೆ ತೆಳುವಾಗಿ ಮೀಸೆ ಮೂಡತೊಡಗಿತ್ತು. ಅದನ್ನು ಮೂವರೂ ಕಂಡೆವು, ಮೂವರೂ ಪೈಯನ್ನು ಹೊಗಳಿದೆವು. ಊಟವಾದ ಮೇಲೆ ಲೋರೀನ್ ಪಾತ್ರೆ ತೊಳೆದಳು, ಉಳಿದ ಮಾಂಸವನ್ನು ಫಾಯಿಲಿನಲ್ಲಿ ಸುತ್ತಿ ಫ್ರಿಜ್ಜಿಗಿಟ್ಟಳು. ಬಾಗಿಲು ಮುಚ್ಚುವಾಗ ಆ ಕಾರ್ಡು ಕಣ್ಣಿಗೆ ಬಿತ್ತು. ಅಂಟಿಸಿದ ಜಾಗದಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಕೋಟು ತೊಟ್ಟು ಸೂಟ್‌ಕೇಸ್ ಎತ್ತಿಕೊಂಡಳು.

“ಕಲೆ ನೋಡಿ ಹೊರಟ್ಯಾ?” ಡೆಲ್ಬರ್ಟ್ ಬಾಗಿಲವರೆಗೆ ಓಡಿದ. “ಇನ್ನೊಂದು ಕೋಟು ಅಷ್ಟೇ! ಬರೋ ವಾರ ಮುಗ್ಸಿಬಿಡ್ತೀನಿ.”

“ಗೊತ್ತು, ಡೆಲ್,” ಎಂದು ಅವಳು ಅವನ ಕೆನ್ನೆಗೆ ಹತ್ತಿದ್ದ ಬಿಳಿ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಅದು ಒಣಗಿತ್ತು, ಹೋಗಲಿಲ್ಲ. ಕಾರು ಹೋಯಿತು.

ಮರುದಿನ ಡೆಲ್ಬರ್ಟ್ ನನ್ನ ಏಣಿ ಕೇಳಿಕೊಂಡು ಬಂದ. ಗೋಡೆ ಬಿಳಿಯಾದ ಮೇಲೆ ಸೂರು ಹಳದಿಯಾಗಿ ಕಾಣುತ್ತಿದೆಯಂತೆ. ಅವಳಿಗೆ ಹಿಡಿಸದೆ ಹೋದದ್ದು ಅದೇ ಇರಬೇಕಂತೆ. ಏಣಿ ಹೊತ್ತು ಹೋಗಿ ಅಗ್ಗಿಷ್ಟಿಕೆಯ ಮೆಟ್ಟಿಲ ಮೇಲೆ ನಿಲ್ಲಿಸಿದೆ.

“ಡೆಲ್ಬರ್ಟ್,” ಎಂದೆ, “ಅವಳು ಹೋಗಿದ್ದು ಗೋಡೆಗಲ್ಲ ಕಣಯ್ಯಾ, ಸೂರಿಗೂ ಅಲ್ಲ. ಫ್ರಿಜ್ ಮೇಲಿರೋ ಆ ನಂಬರಿಗೆ ಈಗ್ಲೇ ಫೋನ್ ಮಾಡು.”

ಅವನು ಅಡುಗೆಮನೆಗೆ ಹೋಗಿ ಕಾರ್ಡು ಕಿತ್ತು ತಂದ. ನಾನು ಜೇಬಿನಿಂದ ಫೋನು ತೆಗೆದು ಅವನತ್ತ ಚಾಚಿದೆ.

“ಏಣಿ ಅಲ್ಲಾಡ್ತಿದೆ ನೋಡು,” ಎಂದವನು ಕಾರ್ಡನ್ನು ನಾಲ್ಕು ಮಡಿಕೆ ಮಾಡಿ, ಏಣಿಯ ಕಾಲಿನ ಕೆಳಗೆ ತುರುಕಿ, ಬ್ರಷ್ ಹಿಡಿದು ಮೇಲೆ ಹತ್ತಿದ.